ಎದುರು ಪಕ್ಷದ ಮೂರು ಹಾಳೆ

ಬನ್ನಿಕೊಪ್ಪ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸುಂಕದ ನಾಕಾದ ಒಬ್ಬ ಜವಾನ ನನ್ನ ನಿಬಂಧದ ವಹಿಯನ್ನು ಗಂಟಿನಿಂದ ಎಳೆದು ಹಿಂದಿನಿಂದ ತೆರೆದ. ಉರ್ದು ಓದುವ ಅವನಿಗೆ ಮೊದಲ ಪುಟ ಇರುವುದೇ ಅಲ್ಲಿ. ಅಲ್ಲಿ ಖಾಲಿ ಹಾಳೆಗಳಿದ್ದವು. ನಾಲ್ಕು ತಿರುವಿ, ಪಕ್ಕದವನಿಗೆ "ಕುಛ್ ನಹೀ ಹೈ" ಎಂದು ಹೇಳಿ ವಾಪಸು ಒಗೆದ. ಗದುಗಿನ ಚರ್ಚಾಕೂಟದಲ್ಲಿ ನಾನು ಗೆದ್ದ ವಾದಗಳೆಲ್ಲ ಅದೇ ವಹಿಯಲ್ಲಿದ್ದವು. ಏನೂ ಇಲ್ಲವಂತೆ! ಗದುಗಿನಲ್ಲಿ ತಿಂದ ರೊಟ್ಟಿ ಇನ್ನೂ ಹೊಟ್ಟೆಯಲ್ಲೇ ಇತ್ತು, ನಾನಾಗಲೇ ಪರದೇಶದಲ್ಲಿದ್ದೆ.

ಗೆಳೆಯರೇ, ನಮ್ಮ ಕೂಟದ ಕೈಬರಹದ ಮಾಸಿಕಕ್ಕೆ "ಮೊಗಲಾಯಿಯ ಸುದ್ದಿ" ಬರೆದು ಕಳಿಸೆಂದು ಕೇಳಿದ್ದೀರಿ. ಮೊದಲು ಆ ಮಾತನ್ನೇ ಇತ್ಯರ್ಥ ಮಾಡೋಣ. ನಿಜಾಮರ ಸೀಮೆಗೆ ನೀವು ಮೊಗಲಾಯಿ ಅನ್ನುತ್ತೀರಿ. ಇಲ್ಲಿಯವರು ನಿಮಗೆ ಕುಂಪಣಿ ಸೀಮೆಯವರು ಅನ್ನುತ್ತಾರೆ. ಇಲ್ಲಿ ಮೊಗಲರಿಲ್ಲ, ಅಲ್ಲಿ ಕುಂಪಣಿ ಸತ್ತು ಎಷ್ಟೋ ಕಾಲವಾಯಿತು. ಸತ್ತವರ ಹೆಸರಿನಲ್ಲಿ ಎರಡು ಸೀಮೆಗಳು ಒಂದನ್ನೊಂದು ಕರೆಯುತ್ತಿವೆ. ಆದರೆ ನಡುವಿನ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ, ಸತ್ತಿಲ್ಲ. ಅಲ್ಲಿಂದ ಈಚೆಗೆ ನಾಣ್ಯ ಬೇರೆ, ತಿಂಗಳ ಹೆಸರು ಬೇರೆ, ಕಚೇರಿಯ ಮಾತು ಬೇರೆ. ಮಣ್ಣು ಮಾತ್ರ ಅದೇ ಕರಿ ಎರೆಮಣ್ಣು; ಅದಕ್ಕೆ ನಾಕಾ ಗೊತ್ತಿಲ್ಲ.

ಬಂದ ಕಾರಣ ನಿಮಗೆ ಗೊತ್ತೇ ಇದೆ. ಅಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿದು, ಅದರ ಧೂಳನ್ನೇ ಉಸಿರಾಡಿ, ಕೆಮ್ಮಿ ಕೆಮ್ಮಿ ತೀರಿಕೊಂಡ. ಜಿನ್ನಿನ ಚಾಳಿನ ಖೋಲಿ ಜಿನ್ನಿನಲ್ಲಿ ದುಡಿಯುವವರಿಗೇ ಎಂದರು. ಅವ್ವನಿಗೆ ಉಳಿದಿದ್ದು ತವರು, ಎಲಬುರ್ಗಿ ಸೀಮೆಯ ಮಂಗಳೂರು. ಹೆಸರು ಕೇಳಿ ಸಮುದ್ರ ನೋಡಲು ಬಂದೀರಿ ಜೋಕೆ, ಇಲ್ಲಿ ಹೊಲದಾಚೆಗೂ ಹೊಲವೇ ಇರುವುದು. ಬಂಡಿಯಲ್ಲಿ ಅವ್ವ ಆಡಿದ್ದು ಒಂದೇ ಮಾತು: "ನಾ ಮಂದಿ ಹೊಲದಾಗ ಕಸಾ ತಗದರೂ ಅಡ್ಡಿಯಿಲ್ಲ, ನೀ ಮಾತ್ರ ಸಾಲಿ ಬಿಡಬ್ಯಾಡ." ನಾನು ಬಿಡಲಿಲ್ಲ. ಸಾಲಿಯೇ ನನ್ನ ಕೈಬಿಟ್ಟಿದ್ದು ಹೇಗೆ ಅನ್ನುವುದೇ ಈ ಸುದ್ದಿ.

ಇಲ್ಲಿ ನಾವಿರುವುದು ಅವ್ವನ ತಮ್ಮ, ನನ್ನ ಮಾಮಾನ ಮನೆಯಲ್ಲಿ. ಬಾಗಿಲು ದಾಟಿದರೆ ಮೊದಲು ಎತ್ತು, ಆಮೇಲೆ ಮನುಷ್ಯರು. ಚಾಳಿನಲ್ಲಿ ಗೋಡೆಯಾಚೆಯ ಕೆಮ್ಮಿಗೆ ಎಚ್ಚರವಾಗುತ್ತಿತ್ತು. ಇಲ್ಲಿ ಎತ್ತಿನ ಕೊರಳಗಂಟೆಗೆ ಆಗುತ್ತದೆ. ಯಾವುದು ಮೇಲು ಎಂದು ನೀವು ಕೇಳಿದರೆ ಎತ್ತಿನ ಪರವಾಗಿ ವಾದಿಸಬಲ್ಲೆ. ಊಟದ ವಿಷಯದಲ್ಲಿ ವಾದ ಕಷ್ಟ. ಅಲ್ಲಿ ಸಂಬಳದ ದಿನವಾದರೂ ಮಿರ್ಚಿ ಭಜಿ ಇತ್ತು. ಇಲ್ಲಿ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಮರುದಿನ ಮತ್ತೆ ಪುಂಡಿಪಲ್ಲೆ. ನಾನು ಮುಖ ಕಿವಿಚಿದ ದಿನ ಮಾಮಾನ ಹೆಂಡತಿ, ನಮ್ಮ ಅತ್ತಿ, "ಗದಗಿನ ನಾಲಿಗಿ ನೋಡ್ರಿ, ವಾದಾ ಮಾಡಾಕ ಉದ್ದ, ಉಣ್ಣಾಕ ಗಿಡ್ಡ" ಅಂದಳು. ಈ ಊರಿನಲ್ಲಿ ನನ್ನನ್ನು ಮೊದಲು ಸೋಲಿಸಿದವಳು ಅವಳೇ.

ಸಾಲಿಯಲ್ಲಿ ಎಲ್ಲ ಉರ್ದುವಿನಲ್ಲಿ. ಹದಿನೈದು ತುಂಬಿದ ನಾನು ಮೂಗು ಸುರಿಸುವ ಕೂಸುಗಳ ಸಾಲಿನಲ್ಲಿ ಮೊಣಕಾಲು ಮಡಚಿ ಕೂತು ಅಲಿಫ್, ಬೇ ತಿದ್ದಿದೆ. ಅವು ನನ್ನ ಪಾಟಿಯಲ್ಲಿ ಹಣಿಕಿ ಹಾಕಿ ನಗುತ್ತಿದ್ದವು. ಬಲದಿಂದ ಎಡಕ್ಕೆ ಹೋಗು ಅಂದರೆ ನನ್ನ ಕೈ ಹಟಮಾರಿ ಹೋರಿಯ ಹಾಗೆ ನಿಂತುಬಿಡುತ್ತಿತ್ತು.

ಕಲಿಸಿದವರು ಮುನ್ಶಿ ಸಾಹೇಬರು. ಬೀದರ ಕಡೆಯವರು, ವಯಸ್ಸಾದವರು, ಒಂಟಿ. ಅವರಿಗೂ ಇದು ತಮ್ಮ ಊರಲ್ಲ. ನನ್ನ ಮೇಲೆ ಅವರಿಗಿದ್ದ ಮಮತೆಗೆ ಅದೇ ಕಾರಣವಿರಬೇಕು. ನಿಬಂಧಕ್ಕೆ ಇಲ್ಲಿ ಮಜಮೂನು ಅನ್ನುತ್ತಾರೆ. ಅದಕ್ಕೆ ಒಂದು ಕಟ್ಟು ಇದೆ: ಮೊದಲು ದೇವರ ಸ್ತುತಿ, ಆಮೇಲೆ ವಿಷಯದ ಲಾಭಗಳು, ಕೊನೆಗೆ ಎರಡು ಸಾಲಿನ ಬುದ್ಧಿಮಾತು. ದೇವರಿದ್ದಾನೆ ಎಂಬುದೇ ಇತ್ಯರ್ಥವಾಗದೆ ಸ್ತುತಿ ಹೇಗೆ ಮಾಡಲಿ ಎಂದು ನಾನು ತಕರಾರು ತೆಗೆದೆ. ಅವರು ಸಿಟ್ಟಾಗಲಿಲ್ಲ. "ಬೇಟಾ, ಮೊದ್ಲ ಅವನ ಹೆಸರು ತಪ್ಪಿಲ್ದಂಗ ಬರಿ. ಆಮ್ಯಾಲ ಅವನ ಮ್ಯಾಲ ಶಂಕಾ ತಗಿ" ಅಂದರು.

ಎರಡು ವರ್ಷದಲ್ಲಿ ತಪ್ಪಿಲ್ಲದಂತೆ ಬರೆದೆ. ಜನ ತಹಶೀಲಿನಿಂದ ಬಂದ ಕಾಗದ ಹಿಡಿದು ನನ್ನ ಹತ್ತಿರ ಬರತೊಡಗಿದರು. ನಾನು ಓದಿ ಕನ್ನಡದಲ್ಲಿ ಹೇಳಿದರೆ, ಮಾಮಾ ಬೀಡಿ ಸೇದುತ್ತ, ತಾನೇ ಓದಿದವನ ಹಾಗೆ ತಲೆಯಾಡಿಸುತ್ತಿದ್ದ. ಇಲ್ಲಿ ನಾನು ಗೆದ್ದದ್ದು ಅಂತ ಇರುವುದು ಇಷ್ಟೇ.

ಇನ್ನು ಮನರಂಜನೆ. ನಿಮಗೆ ಸಿನೆಮಾ ಇದೆ, ನಾಟಕ ಕಂಪನಿ ಇದೆ. ಇಲ್ಲಿ ಗೀಗೀ ಪದ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಸವಾಲಿಗೆ ಸವಾಲು, ದಪ್ಪಿನ ಬಡಿತಕ್ಕೆ ಸರಿಯಾಗಿ. ಅಕ್ಷರ ಬಾರದವರು ನಮ್ಮ ಕೂಟದ ಜಾಣರನ್ನೆಲ್ಲ ನೀರು ಕುಡಿಸುವಂಥ ತರ್ಕ ಹೂಡುತ್ತಾರೆ. ಮಾಮಾ ನಾಗೇಶಿ ಮೇಳದ ಮುಂದಾಳು. ಒಮ್ಮೆ ಹರದೇಶಿಯವನ ಗಂಟಲು ಕಟ್ಟಿ, ಅವನ ಬದಲು ಹಾಡೆಂದು ಮಾಮಾನನ್ನು ಕೇಳಿದರು. ಮಾಮಾ ಒಪ್ಪಲಿಲ್ಲ. ಸಂಜೆಯ ಹಾಡಿಕೆಯೇ ನಿಂತುಹೋಯಿತು.

ನಮ್ಮ ಕೂಟದಲ್ಲಿ ಚೀಟಿ ಎತ್ತುತ್ತೇವೆ, ಯಾವ ಪಕ್ಷ ಬಂದರೂ ವಾದಿಸುತ್ತೇವೆ ಎಂದು ನಾನು ಊಟಕ್ಕೆ ಕೂತಾಗ ಹೇಳಿದೆ. ಮಾಮಾ ತುತ್ತು ಕೆಳಗಿಟ್ಟ.

"ನಂಬಲಾರದ್ದೂ ಹೇಳ್ತೀರೇನು?"

"ಹೂನ್ರಿ ಮಾಮಾ. ಅದಕ್ಕ ಚರ್ಚಾ ಅಂತಾರ."

"ನಮ್ಮ ಕಡೆ ಅದಕ್ಕ ಸುಳ್ಳು ಅಂತಾರ, ಅಳಿಯಾ."

ಅಲ್ಲಿಗೆ ಬಿಡಬಹುದಿತ್ತು. ಬಿಡುವುದನ್ನು ನೀವು ನನಗೆ ಕಲಿಸಲಿಲ್ಲ. "ಹೆಣ್ಣು ಹೆಚ್ಚು ಅಂತ ಊರ ಮುಂದ ಹಾಡ್ತೀರಿ. ಈ ಮನ್ಯಾಗ ಒಂದ ಸಲಾನಾದ್ರೂ ಹೆಣ್ಣಿನ ಮಾತಿನಂಗ ನಡದೈತೇನ್ರಿ?" ಎಂದು ಕೇಳಿದೆ. ಅತ್ತಿ ಸೆರಗಿನಲ್ಲಿ ನಕ್ಕಳು. ಮಾಮಾ ಕೈ ತೊಳೆದು ಎದ್ದ. ಗೆದ್ದೆನೆಂದು ವಹಿಯಲ್ಲಿ ಬರೆದುಕೊಂಡೆ. ಮಾಮಾ ಎಲ್ಲಿ ಬರೆದುಕೊಂಡಿದ್ದನೋ ನನಗೆ ಆಗ ಗೊತ್ತಿರಲಿಲ್ಲ.

ಊರಿನ ಸಾಲಿ ಮುಗಿಯಿತು. ಮುಂದೆ ಓದಬೇಕೆಂದರೆ ಕೊಪ್ಪಳದ ಬೋರ್ಡಿಂಗಿನಲ್ಲಿ ಜಾಗ ಸಿಗಬೇಕು. ಅದಕ್ಕೆ ಒಂದು ಇಮ್ತಿಹಾನು, ಪರೀಕ್ಷೆ. ಜಾಗ ಸಿಗದಿದ್ದರೆ ಮಾಮಾನ ಎತ್ತುಗಳ ಹಿಂದೆ ನಾನು. ಮುನ್ಶಿ ಸಾಹೇಬರು ತಾವೇ ನನ್ನನ್ನು ಕರೆದುಕೊಂಡು ಹೋದರು. ಕೊಪ್ಪಳದ ಕೋಟೆಗುಡ್ಡದ ಕೆಳಗೆ ಹೆಜ್ಜೆಗೊಮ್ಮೆ ನಿಂತು ದಮ್ಮು ತೆಗೆದುಕೊಳ್ಳುತ್ತ, ಮಜಮೂನಿನ ಕಟ್ಟನ್ನು ಮತ್ತೊಮ್ಮೆ ನನ್ನ ಬಾಯಿಂದ ಹೇಳಿಸಿದರು.

ಹಲಗೆಯ ಮೇಲೆ ವಿಷಯ ಬರೆದರು: ಇಲ್ಮ್ ಕೇ ಫಾಯ್ದೇ. ವಿದ್ಯೆಯ ಲಾಭಗಳು. ಸುತ್ತಲಿನವರು ಬಾಯಿಪಾಠ ಮಾಡಿದ್ದನ್ನು ಇಳಿಸತೊಡಗಿದರು. ನನಗೆ ನಮ್ಮ ಕೂಟದ ಗುರುಗಳ ಮಾತು ನೆನಪಾಯಿತು: ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಮುರಿ. ಆದ್ದರಿಂದ ಮೊದಲು ವಿದ್ಯೆ ಬೇಡ ಎನ್ನುವವನ ಪಕ್ಷ ಹಿಡಿದೆ. ಬಡ ವಾದವನ್ನು ಮುರಿದರೆ ಏನು ಬಂತು? ಗಟ್ಟಿ ಸಾಕ್ಷಿ ಬೇಕಲ್ಲ. ದೂರ ಹೋಗಲಿಲ್ಲ, ಮನೆಯದನ್ನೇ ತೆಗೆದೆ.

ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು: "ನನ್ನ ತಾಯಿ ಮಂದಿಯ ಹೊಲದಲ್ಲಿ ಕಸ ತೆಗೆಯುತ್ತಾಳೆ. ಅವಳ ಉಗುರ ಸಂದಿಯ ಎರೆಮಣ್ಣು ತೊಳೆದರೂ ಹೋಗದು. ಆ ಕೈಯಿಂದ ಉಂಡು ನಾನು ನೆರಳಲ್ಲಿ ಓದುತ್ತೇನೆ. ಓದಿ ಅವಳಿಗೆ ತಿಳಿಯದ ಮಾತು ಆಡುತ್ತೇನೆ. ಒಂದು ದಿನ ಅವಳು ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ನಿಂತರೆ, ತಲೆ ಎತ್ತದೆ ಅವಳ ಹೆಸರು ಕೇಳುತ್ತೇನೆ. ಇಂಥ ವಿದ್ಯೆಗಿಂತ ನೇಗಿಲು ಲೇಸು."

ಕನ್ನಡದಲ್ಲಾದರೆ ಇಷ್ಟಕ್ಕೆ ಅರ್ಧ ತಾಸು. ಉರ್ದುವಿನಲ್ಲಿ ನನ್ನ ಕೈ ಇನ್ನೂ ಬಂಡಿ ಎತ್ತಿನ ನಡಿಗೆಯದು. ಮೂರು ಹಾಳೆ ತುಂಬಿದವು. ಇನ್ನು ಮುರಿಯಬೇಕು. "ಲೇಕಿನ್", ಅಂದರೆ "ಆದರೆ", ಎಂದು ಬರೆಯಲು ಕಲಮನ್ನು ಮಸಿಯಲ್ಲಿ ಅದ್ದಿದೆ. ಗಂಟೆ ಹೊಡೆಯಿತು. ಕಾಗದ ಕಸಿದುಕೊಂಡರು.

ಸೋತೆನೆಂದೇ ತಿಳಿದೆ. ಆದರೆ ಅಲ್ಲಿಯ ಹೆಡ್ ಮಾಸ್ತರು ಮುನ್ಶಿ ಸಾಹೇಬರನ್ನು ಕರೆದು, ಲಾಭ ಕೇಳಿದರೆ ನಷ್ಟ ಬರೆದವನು ಇವನೊಬ್ಬನೇ, ಇಷ್ಟು ಖರೇ ಬರೆಯುವವನು ಓದಲೇಬೇಕು ಎಂದು ನಕ್ಕು ಜಾಗ ಕೊಟ್ಟರು. ಅಮಾವಾಸ್ಯೆಯೊಳಗೆ ಬಂದು ಸೇರಬೇಕು. ಆ ಮೂರು ಹಾಳೆಯನ್ನೂ ಮುನ್ಶಿ ಸಾಹೇಬರ ಕೈಗೆ ಕೊಟ್ಟರು.

ಗೆದ್ದ ಸಂತೋಷದಲ್ಲಿ ನಾನು ಹಾಳೆಗಳನ್ನು ಮರೆತೆ. ಅವರು ಮರೆಯಲಿಲ್ಲ. ಮರುದಿನ ಬಿಳಿ ಶೇರವಾನಿ ಹಾಕಿಕೊಂಡು ಮಾಮಾನ ಕಟ್ಟೆಗೆ ಬಂದರು. ತಮ್ಮ ಕೈಯಲ್ಲಿ ಕಲಿತವನು ಒಂದೂ ತಪ್ಪಿಲ್ಲದ ಮೂರು ಹಾಳೆ ಉರ್ದು ಬರೆದಿದ್ದು ಅದೇ ಮೊದಲಂತೆ. ಒಂದೊಂದು ಸಾಲು ರಾಗವಾಗಿ ಓದುವುದು, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು. ಓಣಿಯ ಜನ ಸೇರಿದರು. ಅವ್ವ ಹೊಲದಿಂದ ಬಂದವಳು ಬುಟ್ಟಿ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು. ನಿಲ್ಲಿಸಿರಿ ಎಂದು ನಾನು ಅವರ ತೋಳು ಹಿಡಿದರೆ, ನನಗೆ ನಾಚಿಕೆ ಎಂದುಕೊಂಡು ಇನ್ನೂ ಗಟ್ಟಿಯಾಗಿ ಓದಿದರು. ಉಗುರಿನ ಮಾತು ಬಂದಾಗ ಅವ್ವ ಬುಟ್ಟಿ ಇಳಿಸಿ, ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡು ಒಳಗೆ ಹೋದಳು.

ಆ ಮೇಲೆ ನಾನು ಮಾಡಿದ್ದು ನನ್ನ ಬದುಕಿನ ಅತಿ ದೊಡ್ಡ ವಾದ. ಅದು ಎದುರು ಪಕ್ಷದವನ ಮಾತು, ನಾನು ಅದನ್ನು ಮುರಿಯುವವನಿದ್ದೆ, ಗಂಟೆ ಹೊಡೆಯಿತು ಎಂದು ಒಲೆಯ ಮುಂದೆ ಕೂತವಳಿಗೆ ಮತ್ತೆ ಮತ್ತೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು:

"ಎದುರಿನಾಂವ ನಮ್ಮ ಮನಿಗಿ ಯಾವಾಗ ಬಂದಿದ್ದ? ನನ್ನ ಉಗುರು ಅಂವಗ ಹ್ಯಾಂಗ ಗೊತ್ತು?"

ನನ್ನ ಹತ್ತಿರ ನಾಲ್ಕು ಉತ್ತರಗಳಿದ್ದವು. ಒಂದೂ ಅವ್ವನ ಮುಖ ನೋಡಿ ಹೇಳುವಂಥದ್ದಾಗಿರಲಿಲ್ಲ.

"ನಿನಗ ಇಷ್ಟು ಭಾರ ಆಗೇತಿ ಅಂತ ತಿಳದಿರಲಿಲ್ಲಪಾ" ಅಂದಳು. "ಸಾಲಿ ಬ್ಯಾಡ ಬಿಡು. ನಾನ ನಿನ್ನ ದೂಡಾಕತ್ತಿದ್ನಿ."

ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳಿಗೆ ಸಿಟ್ಟಿರಲಿಲ್ಲ. ನನಗೆ ಕರುಣೆ ತೋರಿಸಿದಳು; ಕರುಣೆಗೆ ಎದುರುವಾದ ಇಲ್ಲ.

ಉಳಿದದ್ದು ಮಾಮಾ. ಬಂಡಿ ಹೂಡಿ ಕೊಪ್ಪಳಕ್ಕೆ ಬಿಡಲು ಅವನೇ ಮೊದಲು ಹೊರಟವನು, ನನಗೆ ಹೊಸ ಧೋತರ ಬೇರೆ ತಂದಿದ್ದ. ಅವ್ವನಿಗೆ ನೀವಾದರೂ ಹೇಳಿರಿ ಎಂದು ಕೇಳಿಕೊಂಡೆ. ಅವನು ಬೀಡಿ ಆರಿಸಿದ.

"ಜಲ್ಮ ಎಲ್ಲಾ ಹೆಣ್ಣ ಹೆಚ್ಚು ಅಂತ ಹಾಡೀನಿ. ಒಂದ ಸಲಾನಾದ್ರೂ ಈ ಮನ್ಯಾಗ ನಡದೈತೇನು ಅಂತ ನೀನ ಕೇಳಿದ್ದಿ. ಈಗ ನಡೀತೈತಿ. ಅಕ್ಕ ಬ್ಯಾಡ ಅಂದ್ರ ಬ್ಯಾಡ."

ಅವನು ಸೇಡಿನಿಂದ ಹೇಳಲಿಲ್ಲ. ಹೇಳಿ, ತಂದಿದ್ದ ಧೋತರವನ್ನು ತಾನೇ ಮಡಚಿ ನನ್ನ ಕೈಗೆ ಕೊಟ್ಟ. ಅಮಾವಾಸ್ಯೆ ಬಂತು, ಹೋಯಿತು.

ಈಗ ಬಿತ್ತನೆಯ ದಿನ. ಇಲ್ಲಿ ನನಗೆ "ಗದಗಿನಾಂವ" ಎಂದೇ ಹೆಸರು; ನೀವು ಕಾಗದದ ಮೇಲೆ "ಮೊಗಲಾಯಿ ಮಿತ್ರ" ಎಂದು ಬರೆಯುತ್ತೀರಿ. ವಹಿಯನ್ನು ಎರಡೂ ಕಡೆಯಿಂದ ಬರೆಯುತ್ತಿದ್ದೇನೆ, ಮುಂದಿನಿಂದ ಕನ್ನಡ, ಹಿಂದಿನಿಂದ ಉರ್ದು. ಯಾವ ಪರೀಕ್ಷೆಗೆಂದು ಕೇಳಬೇಡಿ.

ಹೋದ ವಾರ, ಪರೀಕ್ಷೆಯಲ್ಲಿ ಉಳಿದುಹೋದ ಆ ನಾಲ್ಕನೆಯ ಹಾಳೆ ಬರೆದೆ. "ಲೇಕಿನ್" ಎಂದು ಶುರು ಮಾಡಿ, ಎದುರು ಪಕ್ಷವನ್ನು ಚೂರು ಚೂರು ಮಾಡಿ, ವಿದ್ಯೆ ಏಕೆ ಬೇಕು, ನನಗೆ ಏಕೆ ಬೇಕು ಎಂದೆಲ್ಲ ಬರೆದೆ. ಇದೂ ಮುನ್ಶಿ ಸಾಹೇಬರ ಬಾಯಿಂದಲೇ ಬಂದರೆ ಅವ್ವ ನಂಬಿಯಾಳು ಎಂದು ಅವರನ್ನೇ ಕರೆತಂದೆ. ಅವರು ಈ ಸಲ ರಾಗ ಎಳೆಯಲಿಲ್ಲ, ಬಗ್ಗಿದ ತಲೆ ಎತ್ತದೆ ಓದಿ ಕನ್ನಡದಲ್ಲಿ ಹೇಳಿದರು. ಅವ್ವ ಕೊನೆಯವರೆಗೆ ಕೇಳಿದಳು.

"ಇದೂ ಛಲೋ ಬರದೀದಿ" ಅಂದಳು. "ಎರಡರಾಗ ಯಾವುದಪಾ ನಿಂದು?"

ಇದು ನನ್ನದು ಎಂದು ಹೇಳಲು ಬಾಯಿ ತೆರೆದೆ. ಮೂರು ಹಾಳೆಯಲ್ಲಿ ಅವಳ ಉಗುರು ಇತ್ತು. ಈ ಹಾಳೆಯಲ್ಲಿ ನಾನೊಬ್ಬನೇ ಇದ್ದೆ. ಯಾವುದು ನನ್ನದೆಂದು ಹುಡುಕಿ ಹುಡುಕಿ ನೋಡುತ್ತಿದ್ದೇನೆ, ಇವತ್ತಿಗೂ. ಏನೂ ಇಲ್ಲವೆಂದ ನಾಕಾದ ಜವಾನ ವಹಿಯನ್ನು ಸರಿಯಾದ ಕಡೆಯಿಂದಲೇ ತೆರೆದಿದ್ದನೇನೋ.