ಹಿಂದಿನ ಕೋಣೆಯ ಎಣಿಕೆ

ಶಾಲೆ ಸರ್ಕಾರದ್ದೇ, ಗಂಟೆಯೂ ಒಂದೇ. ಆದರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಮುಂದಿನ ಕೋಣೆಗಳಲ್ಲಿ ಪೇಟೆಯವರ ಮಕ್ಕಳು, ತಲೆ ಮೇಲೆ ಫ್ಯಾನು. ಹಿಂದಿನ ಕೋಣೆಯಲ್ಲಿ ಬೇರೆ ಭಾಷೆಯಾಡುವ ಕಲ್ಲು ಕ್ವಾರಿಯವರ ಮಕ್ಕಳು. ಕಾಲು ಮುರಿದ ಬೆಂಚುಗಳೆಲ್ಲ ಅಲ್ಲಿಗೆ. ಮುಂದಿನ ಕೋಣೆಗಳಿಗೆ ಬೇಡವಾದ ಮೇಷ್ಟರೂ ಅಲ್ಲಿಗೇ.

ಗಂಟೆ ಹೊಡೆದು ಕಸ ಗುಡಿಸುವ ಆಯಮ್ಮ ಹುಟ್ಟಿದ್ದೂ ಕ್ವಾರಿಯಲ್ಲೇ. ಮದುವೆಯಾಗಿ ಪೇಟೆ ಸೇರಿದವಳು ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿಯೇ ಅವಳ ಮೊಮ್ಮಗಳಿಗೆ ಮುಂದಿನ ಕೋಣೆಯಲ್ಲಿ ಜಾಗ ಸಿಕ್ಕಿದ್ದು. ಎತ್ತಿ ಆಡಿಸುವಾಗ ಮಾತ್ರ, ಪ್ರೀತಿಗೆ ಬಾಯಿ ತಪ್ಪಿ, ಮಗುವಿಗೆ ಹಳೇ ಭಾಷೆಯ ನಾಲ್ಕು ಮಾತು ಕಲಿಸಿಬಿಟ್ಟಿದ್ದಳು.

"ಆ ಮಾತು ಮನೇಲೇ ಇರ್ಲಿ ಪುಟ್ಟೀ. ಶಾಲೇಲಿ ಬಾಯಿ ಬಿಟ್ರೆ ಹಿಂದಿನ ಕೋಣೇಗೆ ತಳ್ತಾರೆ."

ಹುಡುಗಿ ಎಷ್ಟು ಹೆದರಿದಳೆಂದರೆ, ಶಾಲೆಯಲ್ಲಿ ತುಟಿ ಪಿಟಕ್ಕೆನ್ನಲೇ ಇಲ್ಲ.

ಶಾಲೆ ಬಿಟ್ಟ ಮೇಲೆ, ಹಿಂದಿನ ಕೋಣೆಯಲ್ಲಿ ಬೆಂಚು ಎತ್ತಿ ಬದಿಗೊಟ್ಟುವಾಗ ಆಯಮ್ಮನಿಗೆ ಯಾರೋ ಎಣಿಸುವುದು ಕೇಳಿಸುತ್ತಿತ್ತು. ಕ್ವಾರಿ ಭಾಷೆಯಲ್ಲಿ, ಮೆಲ್ಲಗೆ. ಕಲ್ಲು ಹೊರುತ್ತಾ ಅವಳ ಅಮ್ಮ ಹೀಗೇ ಎಣಿಸುತ್ತಿದ್ದಳು. ಅಮ್ಮ ಸತ್ತು ಯಾವ ಕಾಲವಾಯಿತೋ! ಬೆಂಚು ಕೆಳಗಿಟ್ಟು ಕಿವಿಗೊಟ್ಟರೆ ದನಿ ನಿಲ್ಲುತ್ತಿತ್ತು, ಎತ್ತಿದರೆ ಮತ್ತೆ ಶುರು.

"ಪುಟ್ಟೀ, ನಿಂಗೇನಾದ್ರೂ ಕೇಳಿಸ್ತಾ?"

ಬಾಗಿಲಲ್ಲಿ ಕಾಯುತ್ತಿದ್ದ ಮೊಮ್ಮಗಳು ಅಜ್ಜಿಯ ಬಾಯನ್ನೇ ನೋಡಿ, ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಒಂದು ಸಂಜೆ ಹೆಡ್‌ಮೇಷ್ಟ್ರು ಆ ಕಡೆ ಬಂದರು. "ಯಾರದು, ಕ್ವಾರಿ ಭಾಷೇಲಿ ಎಣಿಸ್ತಿರೋದು?"

ಅವರಿಗೂ ಕೇಳಿಸಿತಲ್ಲ! ಬೆಂಚುಗಳ ಹಿಂದಿದ್ದ ಆಯಮ್ಮ ದಿಗಿಲುಬಿದ್ದು ಬಾಯಿ ಮುಚ್ಚಿಕೊಂಡಳು. ಅಂಗೈಗೆ ತನ್ನದೇ ತುಟಿ ಅಲ್ಲಾಡುವುದು ತಾಗಿತು. ಪೇಟೆ ಸೇರಿ ಅವಳ ಮಾತೆಲ್ಲ ಬದಲಾಗಿತ್ತು, ಎಣಿಕೆಯೊಂದು ಅಮ್ಮನದೇ ಉಳಿದಿತ್ತು. ಅವಳು ಬೆಂಚುಗಳ ಮರೆಗೆ ಇನ್ನಷ್ಟು ಸರಿದಳು.

"ನಾನೇ ಸಾರ್," ಎಂದಳು ಬಾಗಿಲಲ್ಲಿದ್ದ ಹುಡುಗಿ. ಆ ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು.

"ಓಹೋ, ನೀನು ಅಲ್ಲಿಯವಳಾ," ಎಂದರು ಹೆಡ್‌ಮೇಷ್ಟ್ರು. ಮಾರನೆಯ ದಿನ ಅವಳ ಚೀಲ ಹಿಂದಿನ ಕೋಣೆಗೆ ಬಂತು.

ಅಂದು ಸಂಜೆ ಆಯಮ್ಮ ತುಟಿ ಬಿಗಿಹಿಡಿದೇ ಬೆಂಚು ಎತ್ತಿದಳು. ಆದರೂ ಎಣಿಕೆ ಕೇಳಿಸಿತು, ಅದೇ ಅಮ್ಮನ ದನಿ. ತಿರುಗಿ ನೋಡಿದರೆ, ಮೊಮ್ಮಗಳು ಬೆಂಚಿನ ಇನ್ನೊಂದು ತುದಿ ಹಿಡಿದು ಎಣಿಸುತ್ತಿದ್ದಳು. ಮುತ್ತಜ್ಜಿಯನ್ನು ಆ ಮಗು ಕಂಡೇ ಇರಲಿಲ್ಲ.

ಮುಂದಿನ ಎಣಿಕೆಯನ್ನು ಆಯಮ್ಮನೇ ಹೇಳಿದಳು, ಹೆಡ್‌ಮೇಷ್ಟ್ರ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ.