ಸರೇಸಿನ ವಾಸನೆ

ಸಾವಕ್ಕ ಬೆರಳಿನ ಗೆಣ್ಣಿನಿಂದ ಹಲಗೆಗಳನ್ನು ಒಂದೊಂದಾಗಿ ಬಡಿದು ಕಿವಿಗೊಡುತ್ತಿದ್ದಳು. ಗಬ್ಬೂರಿನಲ್ಲಿ ಹಳೆಯ ಕಟ್ಟಿಗೆ ಮಾರುವ ಮಡಿವಾಳಪ್ಪ ಬೀಡಿ ಕೆಳಗಿಟ್ಟು ನೋಡಿದ.

“ಟೀಚರ್ ಬಾಯಾರ, ಹಲಗಿ ತಗೊಳ್ಳಾಕ ಬಂದೀರೋ, ಕಲ್ಲಂಗಡಿ ತಗೊಳ್ಳಾಕ ಬಂದೀರೋ?”

“ಸ್ಪೀಕರ್ ಡಬ್ಬಿ ಮಾಡಬೇಕಾಗೈತ್ರಿ. ಬಡದ್ರೂ ಸುಮ್ನಿರೋ ಹಲಗಿ ಬೇಕು.”

“ಎಲ್ಲಾರೂ ಖಣಖಣ ಅನ್ನೋದು ಕೇಳತಾರ, ನೀವು ಮೂಕಂದು ಕೇಳತೀರಲ್ರಿ!”

“ಹಾಡೋದು ಸ್ಪೀಕರಿನ ಕೆಲಸ. ಡಬ್ಬಿನೂ ಹಾಡಾಕ ಹತ್ತಿದ್ರ ಇಬ್ಬರಿಗೂ ಜಗಳ.”

ಮಾವಿನ ಹಲಗೆ ಇನ್ನೂ ಹಸಿ. ನಾಳೆ ಒಣಗಿ ಸೊಟ್ಟಗಾಗುವುದು ಖಂಡಿತ. ಚಹದ ಪೆಟ್ಟಿಗೆಯ ತೆಳು ಪ್ಲೈವುಡ್ ಮುಟ್ಟಿದರೇ ಗುಂಯ್ ಎಂದಿತು. ಗೋಡೆಗೆ ಒರಗಿಸಿದ್ದ ಸಾಗವಾನಿ ಬಾಗಿಲು ಮಾತ್ರ ದಪ್ ಎಂದು ಸುಮ್ಮನಾಯಿತು. ಯಾವುದೋ ದೇಸಾಯರ ವಾಡೆ ಕೆಡವಿದಾಗ ಬಂದದ್ದಂತೆ. ಅಂಥ ಬಾಗಿಲನ್ನು ಸಾವಕ್ಕ ಬಡಿದದ್ದು ಅದೇ ಮೊದಲು.

“ಇದನ್ನ ಕೊಯ್ದು ಕೊಡ್ರಿ,” ಎಂದಳು. “ಒಂದು ಗಂಟು ಸರೇಸೂ ಕಟ್ರಿ.”

ತೊಗಲಿನ ಚೂರುಗಳಿಂದ ತೆಗೆದ ಒಣ ಅಂಟು ಅದು, ಬೆಲ್ಲದ ಬಣ್ಣದ್ದು. ಆಕೆಯ ಅಪ್ಪ ನೀಲಪ್ಪ ಬದುಕಿರುವತನಕ ಇದೇ ಗಬ್ಬೂರಿನಲ್ಲಿ ಸರೇಸು ಮಾಡಿ ಬಡಿಗರಿಗೆ ಒಯ್ದು ಕೊಡುತ್ತಿದ್ದ. ಅವರು ಅವನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ದೂರದಲ್ಲಿ ನೆಲಕ್ಕಿಡಿಸಿ, ಅವನು ಹಿಂದೆ ಸರಿದ ಮೇಲೆ ಎತ್ತಿಕೊಳ್ಳುತ್ತಿದ್ದರು.

ಈಗ ಸಾವಕ್ಕ ಸರಕಾರಿ ಸಾಲೆಯ ಟೀಚರು. ಅಣ್ಣ ಗೋವಿಂದಪ್ಪ ರೈಲ್ವೆ ಆಫೀಸಿನಲ್ಲಿ ಕಾರಕೂನ. ಇಬ್ಬರೂ ಬುದ್ಧನ ದೀಕ್ಷೆ ತೆಗೆದುಕೊಂಡವರು. ವಿದ್ಯಾನಗರದಲ್ಲಿ ಗೌರಕ್ಕನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಕೋಣೆ ಕೊಡುವಾಗ ಗೌರಕ್ಕ ಕೇಳಿದ್ದು, “ಕಾಯಿಪಲ್ಲೆ ತಿನ್ನೋ ಮಂದಿ ಹೌದಿಲ್ರಿ?” ಎಂದಷ್ಟೇ. ಗೋವಿಂದಪ್ಪ ತಲೆಯಾಡಿಸಿದ್ದ. ಉಳಿದದ್ದನ್ನು ಆಕೆ ತಾನೇ ಊಹಿಸಿಕೊಂಡಿದ್ದಳು, ಇವರು ತಿದ್ದಿರಲಿಲ್ಲ.

ಸರೇಸಿನ ಗಂಟು ಕಂಡು ಗೋವಿಂದಪ್ಪನ ಮುಖ ಇಳಿಯಿತು.

“ಇದರ ವಾಸನಿ ಗೋಡಿ ದಾಟತೈತಿ, ಸಾವಿ. ನಾಳೆ ನಾವು ಬೀದ್ಯಾಗ. ಮೈದಾಹಿಟ್ಟಿನ ಅಂಟು ಕಾಸು.”

ಅಣ್ಣನ ಮಾತಿಗೆ ಅವಳು ಮೈದಾ ಕಾಸಿ, ಹಲಗೆಗಳನ್ನು ಅಂಟಿಸಿ ನಾಲ್ಕು ದಿನ ಒಣಗಲು ಬಿಟ್ಟಳು. ರೇಡಿಯೋ ರಿಪೇರಿಯ ಬಾಳಕೃಷ್ಣ ಕೊಟ್ಟ ಅಗಲ ಸ್ಪೀಕರನ್ನು ಡಬ್ಬಿಗೆ ಕೂರಿಸಿ, ಮನೆಯ ರೇಡಿಯೋಗೆ ಜೋಡಿಸಿ ಧಾರವಾಡ ಸ್ಟೇಷನ್ ಹಚ್ಚಿದಳು. ಜಿರಲೆಗಳು ಆಗಲೇ ಸಂದಿನ ಅಂಟು ನೆಕ್ಕಿ ಮುಗಿಸಿದ್ದವು. ಹಾಡು ತಾರಕಕ್ಕೇರಿದಾಗ ಡಬ್ಬಿ ಗಡಗಡ ನಡುಗಿ, ಒಂದು ಬದಿ ಕಳಚಿ ಗೋವಿಂದಪ್ಪನ ಕಾಲ ಮೇಲೆ ಬಿತ್ತು.

“ಇನ್ನ ಸರೇಸೇ,” ಎಂದಳು ಸಾವಕ್ಕ.

“ಆ ಕೆಲಸ ಬಿಟ್ಟು ಬಂದೀವಲ್ಲ!”

“ಕೆಲಸ ಬಿಟ್ಟೀವಿ. ಅಪ್ಪನ್ನ ಬಿಟ್ಟಿಲ್ಲ.”

ರವಿವಾರ ಮುಂಜಾನೆ, ನೆನೆಸಿಟ್ಟ ಸರೇಸಿನ ಚಿಕ್ಕ ಪಾತ್ರೆಯನ್ನು ನೀರಿನ ದೊಡ್ಡ ಪಾತ್ರೆಯಲ್ಲಿಟ್ಟು ಒಲೆಯ ಮೇಲೇರಿಸಿದಳು. ಇದನ್ನು ಕುದಿಸಬಾರದು, ಕರಗಿಸಬೇಕು. ಕುದ್ದರೆ ಕಸುವು ಹೋಗುತ್ತದೆ. ಗೋವಿಂದಪ್ಪ ಬಾಗಿಲು ಹಾಕಿದ. ಅವಳು ಎದ್ದು ತೆರೆದಳು. ವಾಸನೆ ಮೆಲ್ಲಗೆ ಹಿತ್ತಿಲು ದಾಟಿ ಗೌರಕ್ಕನ ಪೂಜೆಯ ಕೋಣೆಗೆ ಹೋಯಿತು.

ಗೌರಕ್ಕ ಸೆರಗಿನಿಂದ ಮೂಗು ಮುಚ್ಚಿ ಬಂದಳು. “ಏನ್ರಿ ಬಾಯಾರ, ಏನ್ ಕಾಸಾಕತ್ತೀರಿ?”

“ಔಷಧರೀ ಅಕ್ಕಾರ, ಮೊಣಕಾಲಿಗೆ...” ಎಂದ ಗೋವಿಂದಪ್ಪ.

“ಔಷಧ ಅಲ್ರಿ,” ಎಂದಳು ಸಾವಕ್ಕ. “ಸರೇಸು. ತೊಗಲಿಂದು. ನಮ್ಮಪ್ಪ ಇದನ್ನ ಮಾಡತಿದ್ದ. ನಾವು ಆ ಕೇರಿಯವರು.”

ಗೌರಕ್ಕ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬಡಿಗರು ಅಪ್ಪನಿಂದ ಇಟ್ಟುಕೊಳ್ಳುತ್ತಿದ್ದ ಅದೇ ದೂರ. “ನೋಡ್ರಿ, ಲಿಂಗಪೂಜಾ ನಡಿಯೋ ಮನಿ ಇದು...” ಎಂದು ಶುರುಮಾಡಿದಳು.

“ಸ್ವಲ್ಪ ತಡೀರಿ. ಅಂಟು ಆರಿದ್ರ ಹಿಡಿಯಂಗಿಲ್ಲ.”

ಸಾವಕ್ಕ ಕುಂಚವದ್ದಿ ಅಂಚಿಗೆ ಸವರಿ, ಹಲಗೆಗೆ ಹಲಗೆ ಕೂಡಿಸಿ, ಹಗ್ಗ ಬಿಗಿದು ರುಬ್ಬುಗುಂಡು ಹೇರಿದಳು. ಗೌರಕ್ಕ ನಿಂತೇ ಇದ್ದಳು. ತಾನೇಕೆ ಕಾಯುತ್ತಿದ್ದೇನೆ ಎಂದು ಅವಳಿಗೂ ತಿಳಿದಂತೆ ಕಾಣಲಿಲ್ಲ.

“ಹೂಂ, ಈಗ ಹೇಳ್ರಿ,” ಎಂದಳು ಸಾವಕ್ಕ, ಕೈ ಒರೆಸಿಕೊಳ್ಳುತ್ತ.

“ಅದನ್ನ ಹೊರಗ ಚೆಲ್ರಿ. ಇಲ್ಲಾ, ಬ್ಯಾರೆ ಮನಿ ನೋಡ್ಕೋರಿ.”

“ಮನಿ ನೋಡ್ತೀವ್ರಿ.”

ಹಿಂಬದಿಯ ಹಲಗೆಯೊಂದನ್ನು ಅಂಟಿಸುವುದು ಉಳಿಯಿತು. ಡಬ್ಬಿಯನ್ನು ಹಾಗೆಯೇ ಹೊತ್ತು ಸಾವಕ್ಕ ಕೇಶ್ವಾಪುರದಲ್ಲಿ ಮನೆ ಹುಡುಕಿದಳು. ಹೋದಲ್ಲೆಲ್ಲ ಬಾಡಿಗೆಯ ಮಾತಿಗೆ ಮುಂಚೆ ಅದನ್ನು ಹೊಸ್ತಿಲಲ್ಲಿಟ್ಟು, “ಇದನ್ನ ತೊಗಲಿನ ಅಂಟಿನಿಂದ ಮಾಡಾಕತ್ತೇನ್ರಿ, ಉಳದದ್ದು ನಿಮ್ಮನ್ಯಾಗ ಮಾಡಾಕಿ,” ಎನ್ನುವಳು. ಕದಗಳು ಮುಚ್ಚಿಕೊಂಡವು. ಗೋವಿಂದಪ್ಪ ಪ್ರತಿ ಮನೆಯ ಮುಂದೆಯೂ ಬೆವರಿದ.

ಕೊನೆಗೆ ಮೀರಾಬಿಯೆಂಬ ಮುದುಕಿ ಡಬ್ಬಿಯನ್ನು ಮೂಸಿ ನೋಡಿ, “ಥೂ! ನಾಯಿನೂ ಓಡಿಹೋಗಬೇಕು,” ಎಂದಳು. “ಖಿಡಕಿ ತಗದಿಟ್ಟು ಮಾಡ್ವಾ. ಬರೋಬ್ಬರಿ ಹಾಡತೈತೇನ ಇದು?”

ಸಾಮಾನು ಇಳಿಸಿದ ದಿನ ಗೋವಿಂದಪ್ಪ ಪದ್ಧತಿಯಂತೆ ಹಾಲು ಉಕ್ಕಿಸಲು ತಂಬಿಗೆ ಹಿಡಿದು ಬಂದ. ಹೊಸ ಒಲೆ ಖಾಲಿಯಿರಲಿಲ್ಲ. ಅದರ ಮೇಲೆ ಪಾತ್ರೆಯೊಳಗೊಂದು ಪಾತ್ರೆ ಕೂತಿತ್ತು.

“ಮೊದಲ ಹಾಲು ಅಲ್ಲೇನ?”

“ಮೊದಲ ಇದು.”

ಗೋವಿಂದಪ್ಪ ತಂಬಿಗೆ ಕೆಳಗಿಟ್ಟು, ಬೀದಿಯ ಕಡೆಯ ಕಿಟಕಿಗಳನ್ನು ಒಂದೂ ಬಿಡದೆ ತೆರೆದು, ಒಲೆಯ ಮುಂದೆ ಕುಳಿತು ಗಾಳಿ ಹಾಕತೊಡಗಿದ.

“ಕುದಿಸಬ್ಯಾಡ,” ಎಂದಳು ಸಾವಕ್ಕ.

“ಗೊತ್ತೈತಿ,” ಎಂದ ಅವನು. “ನನಗೂ ಅಪ್ಪನೇ ಕಲಿಸಿದ್ದ.”