ಬಿಸಿ ಟಾರಿನ ಮೇಲೆ ಮುನಿರಾಜಣ್ಣ

ಏಪ್ರಿಲ್‌ನ ನಡುಮಧ್ಯಾಹ್ನ ನಾವೆಲ್ಲ ಫ್ಯಾನಿನ ಕೆಳಗೆ ಬುತ್ತಿ ಬಿಚ್ಚುತ್ತಿದ್ದರೆ, ಮುನಿರಾಜಣ್ಣ ಎಡಗಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ರಸ್ತೆಗಿಳಿಯುತ್ತಿದ್ದರು. ಅವರ ಬಲಗಾಲನ್ನು ಹರೆಯದಲ್ಲೇ ಲಾರಿಯೊಂದು ಮೊಣಕಾಲಿನ ಕೆಳಗೆ ತೆಗೆದಿತ್ತು. ಅಲ್ಲಿದ್ದುದು ಕೆ.ಆರ್. ಪುರದ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ಅವರೇ ಅಚ್ಚಿಗೆ ಹೊಯ್ದ, ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಕೃತಕ ಪಾದ. ಪ್ರತಿ ಸಲ ಹೊಸದಾಗಿ ಹೊಯ್ದ ಪಾದಗಳಲ್ಲಿ ಒಂದನ್ನು ತಾವೇ ತೊಟ್ಟು, ಕಾದ ಟಾರಿನ ಮೇಲೆ ಒಂದು ಗಂಟೆ ನಡೆಯುವುದು ಅವರೇ ಹಾಕಿಕೊಂಡ ನಿಯಮ.

ಎಂ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದ್ದ ನಾನು ಅವರಿಗೆ ಪಾಠ ಹೇಳಲು ಹೋಗಿದ್ದೆ. ಈ ವಸ್ತುವಿನ ಅಣುಗಳ ಸರಪಳಿಯಲ್ಲಿ ಮೆತ್ತನೆಯ ತುಂಡು, ಗಟ್ಟಿ ತುಂಡು ಒಂದಾದ ಮೇಲೊಂದು ಇರುತ್ತವೆ. ಮೆತ್ತನೆಯವು ಬಾಗುತ್ತವೆ, ಗಟ್ಟಿಯವು ಒಂದಕ್ಕೊಂದು ಸೇರಿ ಬಿಗಿಹಿಡಿಯುತ್ತವೆ. ಓವನ್ನಿನ ಹದವಾದ ಕಾವಿನಲ್ಲಿ ಸಾಕಷ್ಟು ಹೊತ್ತು ಇಟ್ಟರೆ ಮಾತ್ರ ಆ ಹಿಡಿತ ಬಲಿಯುತ್ತದೆ ಎಂದೆ. ಅವರು ತಲೆಯಾಡಿಸಿದರು.

“ಹಗ್ಗದಲ್ಲಿ ಗಂಟು ಕೂತ್ಕೊಂಡಂಗೆ. ಸರಿ ಕಣಮ್ಮಾ, ನೀನು ಮಿಷನ್ನಲ್ಲಿ ನೋಡು, ನಾನು ರೋಡಲ್ಲಿ ನೋಡ್ತೀನಿ.”

ಆ ಬೇಸಿಗೆಯಲ್ಲಿ ಕೃತಕ ಕಾಲು ಹಂಚುವ ಒಂದು ಶಿಬಿರಕ್ಕೆ ಅವಸರದಲ್ಲಿ ಪಾದಗಳು ಬೇಕಾಗಿದ್ದವು. ನಾನು ಪರೀಕ್ಷೆಗೆಂದು ಅದೇ ವಸ್ತುವಿನಲ್ಲಿ ಬೇರೆಯಾಗಿ ಹೊಯ್ದ ಮಾದರಿ ಪಟ್ಟಿಯ ಚೂರನ್ನು ಕಾವು ಕೊಟ್ಟು ಅಳೆಯುವ ಯಂತ್ರದಲ್ಲಿಟ್ಟು ನೋಡಿ, ಬಿಸಿಲಿಗೆ ಇದು ಜಗ್ಗುವುದಿಲ್ಲ ಎಂದು ವರದಿ ಬರೆದೆ. ಅದೇ ಮಧ್ಯಾಹ್ನ ಮುನಿರಾಜಣ್ಣ ನಡೆದು ಬಂದಾಗ ಹಿಮ್ಮಡಿ ಒಂದು ಮಗ್ಗುಲಿಗೆ ಚಪ್ಪಟೆಯಾಗಿತ್ತು.

“ರಿಪೋರ್ಟ್ ಓಕೆ ಇದೆಯಲ್ರೀ. ಗಾಡಿ ಬಂದಿದೆ, ಲೋಡ್ ಮಾಡ್ಸಿ,” ಎಂದರು ಮ್ಯಾನೇಜರ್.

ಮುನಿರಾಜಣ್ಣ ಕುರ್ಚಿಯಲ್ಲಿ ಕೂತು, ಕೃತಕ ಕಾಲಿನ ಪಟ್ಟಿ ಬಿಚ್ಚಿ, ಆ ಕಾಲನ್ನೇ ಅವರ ಮೇಜಿನ ಮೇಲಿಟ್ಟರು.

“ಇದನ್ನ ಹಾಕ್ಕೊಂಡೋನು ಶಿವಾಜಿನಗರದಲ್ಲಿ ರೋಡ್ ದಾಟ್ತಾ ಬಿದ್ರೆ, ಎತ್ತೋಕೆ ರಿಪೋರ್ಟ್ ಬರಲ್ಲ ಸಾರ್. ನಾನ್ ಲೋಡ್ ಮಾಡ್ಸಲ್ಲ. ಬೇಕಾದ್ರೆ ನನ್ನ ಕೆಲ್ಸದಿಂದ ತೆಗೀರಿ.”

ನನಗೆ ಸಿಟ್ಟು ಬಂತು. “ಅಣ್ಣಾ, ಮಿಷನ್ ಸುಳ್ಳು ಹೇಳಲ್ಲ.”

“ಹೇಳಲ್ಲ ಕಣಮ್ಮಾ. ನೀನು ಅದಕ್ಕೆ ಕೊಟ್ಟಿದ್ದು ಏನು?”

ಆಗ ಹೊಳೆಯಿತು. ನನ್ನ ಮಾದರಿ ಪಟ್ಟಿ ಭಾನುವಾರವೆಲ್ಲ ಓವನ್ನಿನಲ್ಲೇ ಉಳಿದಿತ್ತು; ಪಾದಗಳನ್ನು ಮ್ಯಾನೇಜರ್ ಅವಸರಕ್ಕೆ ಅರ್ಧ ಹೊತ್ತಿಗೇ ತೆಗೆಸಿದ್ದರು. ಆ ಹಿಮ್ಮಡಿಯಿಂದಲೇ ಒಂದು ಚೂರು ಕೊಯ್ದು ಯಂತ್ರಕ್ಕೆ ಹಾಕಿದೆ. ಗಟ್ಟಿ ತುಂಡುಗಳ ಹಿಡಿತ ಸಡಿಲವಾಗುವ ಗುರುತು ಪಟ್ಟಿಗಿಂತ ಬಹಳ ಕಡಿಮೆ ಕಾವಿಗೇ ಕಾಣಿಸಿತು. ಮ್ಯಾನೇಜರ್ ಎದುರಿಗೇ ನನ್ನ ವರದಿ ಹರಿದೆ. ಗಾಡಿ ಖಾಲಿ ಹೋಯಿತು, ಪಾದಗಳು ಮತ್ತೆ ಓವನ್ನಿಗೆ ಹೋದವು, ಶಿಬಿರ ಒಂದು ವಾರ ಮುಂದಕ್ಕೆ ಹೋಯಿತು. ಮುನಿರಾಜಣ್ಣ ನನ್ನ ತಪ್ಪನ್ನು ಯಾರ ಮುಂದೆಯೂ ಎತ್ತಲಿಲ್ಲ. “ಇನ್ಮೇಲೆ ಪಾದದಿಂದ್ಲೇ ಕುಯ್ಕೊ, ಒಂದು ಹಾಳಾದ್ರೆ ಆಗ್ಲಿ,” ಎಂದರಷ್ಟೆ. ಇಂದಿಗೂ ಹಾಗೇ ಮಾಡುತ್ತೇನೆ.

ಹೋದ ವರ್ಷ ಅವರು ತೀರಿಕೊಂಡರು. ರಾಮಮೂರ್ತಿ ನಗರದ ಮನೆಗೆ ನಾನು ಹೋದಾಗ ಅವರ ಕೃತಕ ಪಾದ ಗೋಡೆಗೊರಗಿತ್ತು. ಮಣ್ಣಿಗಿಡುವಾಗ ಅದೇಕೆ ಎಂದು ಹಿರಿಯರೊಬ್ಬರು ಗೊಣಗುತ್ತಿದ್ದರು. ಮುನಿರಾಜಣ್ಣನವರ ಹೆಂಡತಿ ಜಯಮ್ಮ ಅದನ್ನು ತಂದು ನನ್ನ ಕೈಗಿತ್ತರು.

“ನೀನೇ ಹಾಕಮ್ಮಾ. ಅದಿಲ್ದೆ ಅವ್ರು ಒಂದಿನಾನೂ ಹೊಸ್ಲು ದಾಟಿಲ್ಲ.”

ಅಷ್ಟು ವರ್ಷ ಪಾದಗಳ ಚೂರನ್ನಷ್ಟೇ ಪರೀಕ್ಷಿಸಿದ್ದ ನಾನು, ಅಂದು ಮೊದಲ ಬಾರಿಗೆ ಮಂಡಿಯೂರಿ ಒಬ್ಬರ ಕಾಲಿಗೆ ಪಟ್ಟಿ ಬಿಗಿದೆ.